ಇಲಿಯ ಜಾಡು ಹಿಡಿದು ಹಿತ್ತಿಲ ಸುತ್ತ

ಚಿಕ್ಕಮ್ಮ ನನ್ನ ಕೈಗಿತ್ತ ಎಳನೀರು ಹಗುರವಾಗಿತ್ತು. ತೊಟ್ಟಿನ ಪಕ್ಕದಲ್ಲಿ, ಕಾಯಿ ಇನ್ನೂ ಮೆತ್ತಗಿರುವ ಜಾಗ ನೋಡಿಕೊಂಡೇ ಕೊರೆದಂತೆ, ಎರಡು ಬೆರಳು ತೂರುವಷ್ಟು ತೂತು. ಒಳಗೆ ನೀರಿಲ್ಲ, ಗಂಜಿಯೂ ಇಲ್ಲ. ತೂತಿನ ಅಂಚಿಗೆ ಬೆರಳಾಡಿಸಿದರೆ ಉಳಿಯಿಂದ ಕೆತ್ತಿದ ಹಾಗೆ ಹಲ್ಲಿನ ಗುರುತುಗಳು ತಾಗುತ್ತಿದ್ದವು.

“ಈ ವಾರ ಬಿದ್ದದ್ದರಲ್ಲಿ ಇದು ಐದನೇದು ಕಣೇ. ಮೊದಲು ಟೊಮೇಟೊ ಹೋಯ್ತು, ಆಮೇಲೆ ಗೆಣಸು ಹೋಯ್ತು, ಈಗ ತೆಂಗಿನ ಮರಾನೇ ಹತ್ತಿವೆ,” ಎಂದರು ಚಿಕ್ಕಮ್ಮ.

ಮಲ್ಲೇಶ್ವರದಲ್ಲಿ ಮಾರ್ಗೋಸಾ ರಸ್ತೆಗೆ ತಾಗಿದ ಅಡ್ಡರಸ್ತೆಯೊಂದರಲ್ಲಿ ಅವರ ಹೆಂಚಿನ ಮನೆ. ಮುಂದೆ ಸಂಪಿಗೆ, ಪಾರಿಜಾತ. ಹಿಂದೆ ಎರಡು ತೆಂಗು, ಒಂದು ಸಪೋಟ, ಬಾಳೆಯ ಗುಂಪು, ಕರಿಬೇವು, ಬಟ್ಟೆ ಒಗೆಯುವ ಕಲ್ಲು, ಅದರ ಆಚೆ ನಾಲ್ಕು ತರಕಾರಿ ಮಡಿ. ಬೆಂಗಳೂರಿನಲ್ಲಿ ಇಷ್ಟು ಮಣ್ಣು ಉಳಿಸಿಕೊಂಡ ಮನೆಗಳು ಈಗ ಕಡಿಮೆ. ಗೌರಿ ಹಬ್ಬಕ್ಕೆ ಹತ್ತು ದಿನ ಇದ್ದಾಗ, ಮಳೆ ಬಿಟ್ಟ ಒಂದು ಸಂಜೆ ನಾನು ಅಲ್ಲಿಗೆ ಹೋದೆ. ಅಂಗಡಿಯಿಂದ ವಿಷ ತಂದು ಎಲ್ಲ ಕಡೆ ಇಟ್ಟುಬಿಡೋಣ ಎಂದು ಅವರ ಮಗ ಹೇಳಿದ್ದ. ಅದಕ್ಕೆ ಮುಂಚೆ ಪಕ್ಕದ ಮನೆಯ ಮೇಷ್ಟ್ರನ್ನು ಒಂದು ಮಾತು ಕೇಳೋಣ ಎಂದು ಚಿಕ್ಕಮ್ಮ ಹಟ ಹಿಡಿದಿದ್ದರು. ಆ ಮೇಷ್ಟ್ರು ಕೃಷಿ ಕಾಲೇಜಿನಲ್ಲಿ ಕೀಟಶಾಸ್ತ್ರ ಕಲಿಸಿ ನಿವೃತ್ತರಾದವರು. ಒಂದು ಟಾರ್ಚು, ಒಂದು ಕೋಲು, ಜೇಬಿನಲ್ಲಿ ಸಣ್ಣ ನೋಟ್‌ಬುಕ್ಕು ಇಟ್ಟುಕೊಂಡು ಸರಿಯಾಗಿ ಆರು ಗಂಟೆಗೆ ಬಂದರು.

“ಔಷಧಿ ಮಾತು ಆಮೇಲೆ ಆಡೋಣ ಅಮ್ಮಾ,” ಎಂದರು. “ಯಾರು ಬರ್ತಾ ಇದಾರೆ, ಎಲ್ಲಿಂದ ಬರ್ತಾರೆ, ಏನು ತಿಂತಾರೆ, ಎಲ್ಲಿ ಮಲಗ್ತಾರೆ, ಈ ನಾಲ್ಕು ಗೊತ್ತಾದ ಮೇಲೆ ಔಷಧಿ ಬೇಕೋ ಬೇಡವೋ ನೀವೇ ಹೇಳ್ತೀರಿ.”

ಮುಂದಿನದ್ದೆಲ್ಲ ಆ ನಾಲ್ಕು ಪ್ರಶ್ನೆಗಳ ಹಿಂದೆ ನಾವು ಮೂವರೂ ಹಿತ್ತಿಲು ಸುತ್ತಿದ ಕಥೆ.

ಬಂದವರು ಯಾರು?

ಮೊದಲು ಕಾಂಪೌಂಡ್ ಗೋಡೆಯ ಬುಡಕ್ಕೆ ಹೋದೆವು. ಗೋಡೆಗೆ ಅಂಟಿಕೊಂಡಂತೆ ಅಂಗೈ ಅಗಲದ ಒಂದು ಹಾದಿ ಸವೆದಿತ್ತು. ಅಲ್ಲಿ ಹುಲ್ಲಿಲ್ಲ, ಮಣ್ಣು ನುಣ್ಣಗಾಗಿದೆ. ಇಲಿಗೆ ಬಯಲು ಎಂದರೆ ಭಯ. ಮೀಸೆ ಗೋಡೆಗೆ ತಾಗಿಸಿಕೊಂಡು ದಿನವೂ ಅದೇ ದಾರಿಯಲ್ಲಿ ಓಡುತ್ತದೆ. ಸ್ವಲ್ಪ ಮುಂದೆ, ಬಾಳೆಯ ಗುಂಪಿನ ಹಿಂದೆ, ಮುಷ್ಟಿ ತೂರುವಷ್ಟು ದೊಡ್ಡ ಬಿಲ. ಅದರ ಬಾಯಿಯ ಮುಂದೆ ಒಂದು ಬುಟ್ಟಿಯಷ್ಟು ಹೊಸ ಮಣ್ಣು ಗುಡ್ಡೆಯಾಗಿ ಬಿದ್ದಿತ್ತು.

“ಇದು ಹೆಗ್ಗಣ,” ಎಂದರು ಮೇಷ್ಟ್ರು. ಮರ ಹತ್ತುವ ಇಲಿಗೂ ಇದಕ್ಕೂ ತುಂಬ ವ್ಯತ್ಯಾಸ. ದೊಡ್ಡ ಹೆಗ್ಗಣ ಒಂದು ಕಿಲೋ ತೂಗುವುದುಂಟು. ಎದುರು ನಿಂತರೆ ಮೈಗೂದಲು ನಿಮಿರಿಸಿ ಗುರುಗುಟ್ಟುತ್ತದೆ. ನೆಲ ಬಗೆಯುವುದೇ ಅದರ ಕಸುಬು. ತೆಲುಗಿನವರು ಇದನ್ನು ಪಂದಿಕೊಕ್ಕು, ಅಂದರೆ ಹಂದಿ ಇಲಿ ಎನ್ನುತ್ತಾರೆ. ಇಂಗ್ಲಿಷಿನ ‘ಬ್ಯಾಂಡಿಕೂಟ್’ ಹುಟ್ಟಿದ್ದು ಆ ತೆಲುಗು ಮಾತಿನಿಂದಲೇ. ಗೆಣಸಿನ ಮಡಿ ಬಗೆದವರು ಯಾರೆಂದು ಆ ಹೆಸರೇ ಹೇಳಿಬಿಡುತ್ತದೆ.

ಎಳನೀರು ಕೊರೆದದ್ದು ಬೇರೆಯವರು. ಅದು ಮನೆ ಇಲಿ. ಮೈ ತೆಳು, ಕಿವಿ ದೊಡ್ಡದು, ಬಾಲ ತಲೆ ಮೈ ಎರಡೂ ಸೇರಿದಷ್ಟಕ್ಕಿಂತ ಉದ್ದ. ಆ ಬಾಲವನ್ನು ಆಚೀಚೆ ಆಡಿಸಿ ತೂಕ ಸರಿಮಾಡಿಕೊಳ್ಳುತ್ತ ಕೇಬಲ್ ತಂತಿಯ ಮೇಲೂ ನಡೆಯುತ್ತದೆ. ತೆಂಗಿನ ಗರಿಯಿಂದ ಸೂರಿಗೆ, ಸೂರಿನಿಂದ ಅಟ್ಟಕ್ಕೆ ಇದರ ಓಡಾಟ. ಮೇಷ್ಟ್ರು ಟಾರ್ಚನ್ನು ಮೇಲೆತ್ತಿ ಹಿಡಿದು ಸೂರಿನ ತೊಲೆಯ ಮೇಲಿನ ಕಪ್ಪು ಜಿಡ್ಡಿನ ಗೆರೆ ತೋರಿಸಿದರು. ಸಾವಿರ ಸಲ ಮೈ ಉಜ್ಜಿ ಹೋದ ಗುರುತು ಅದು.

ಮೂರನೆಯದು ಅಡುಗೆಮನೆಯ ಡಬ್ಬಿಗಳ ಹಿಂದೆ ಸೇರುವ ಚಿಕ್ಕ ಇಲಿ. ನಾಲ್ಕನೆಯದನ್ನು ನಾವು ಕಣ್ಣಾರೆ ಕಂಡೆವು. ಒಗೆಯುವ ಕಲ್ಲಿನ ಬುಡದಿಂದ ಕೀಚುಗುಟ್ಟುತ್ತ ಒಂದು ಬೂದು ಬಣ್ಣದ ಪ್ರಾಣಿ ಗೋಡೆಗುಂಟ ಓಡಿತು. ಮೂಗು ಚೂಪು, ಕಣ್ಣು ಸಾಸಿವೆಯಷ್ಟು, ಹಿಂದೆ ಒಂದು ಘಾಟು ವಾಸನೆ. ಚಿಕ್ಕಮ್ಮ ಪೊರಕೆ ಎತ್ತಿದರು. ಮೇಷ್ಟ್ರು ಕೈ ಅಡ್ಡ ಹಿಡಿದರು.

“ಅದು ಮೂಗಿಲಿ. ಹೆಸರಲ್ಲಿ ಮಾತ್ರ ಇಲಿ. ನಿಮ್ಮ ಮೋರಿ ಜಿರಳೆಗಳನ್ನೆಲ್ಲ ತಿನ್ನೋದು ಅದೇ. ಅದನ್ನು ಬಿಟ್ಟುಬಿಡಿ.”

ಕೆಲವು ಊರಲ್ಲಿ ಸುಂಡಿಲಿ ಎಂದು ಚಿಕ್ಕ ಇಲಿಯನ್ನು ಕರೆದರೆ, ಕೆಲವು ಕಡೆ ಮೂಗಿಲಿಗೇ ಆ ಹೆಸರು. ಹೆಸರು ಕಲೆತುಹೋದ ಹಾಗೆ ಶಿಕ್ಷೆಯೂ ಕಲೆತುಹೋಗಿದೆ. ಹುಳು ತಿಂದು ಉಪಕಾರ ಮಾಡುವ ಪ್ರಾಣಿ ಇಲಿಯ ಲೆಕ್ಕದಲ್ಲಿ ಸಾಯುತ್ತದೆ.

ಯಾರು ಬಂದರೆಂದು ತಿಳಿಯಲು ದುಬಾರಿ ಸಾಮಾನು ಬೇಕಿಲ್ಲ. ಚಿಕ್ಕಮ್ಮನ ರಂಗೋಲಿ ಡಬ್ಬಿ ಸಾಕಾಯಿತು. ಬಿಳಿಕಲ್ಲಿನ ಪುಡಿಯನ್ನು ಗೋಡೆಯ ಬುಡದಲ್ಲಿ, ತೆಂಗಿನ ಕಾಂಡದ ಸುತ್ತ, ಹಿಂಬಾಗಿಲ ಹೊಸ್ತಿಲಲ್ಲಿ ತೆಳ್ಳಗೆ ಜರಡಿ ಹಿಡಿದೆವು. ಅಕ್ಕಿಹಿಟ್ಟಿನ ರಂಗೋಲಿಯಾದರೆ ಅದೂ ಅವುಗಳ ಊಟವೇ ಆಗುತ್ತದೆ. ಇಲಿಯ ಮುಂಗಾಲಿನ ಗುರುತಿನಲ್ಲಿ ನಾಲ್ಕು ಬೆರಳು, ಹಿಂಗಾಲಿನದರಲ್ಲಿ ಐದು. ಬೆಳಗ್ಗೆ ನೋಡಿದರೆ ಯಾವ ದಾರಿಯಲ್ಲಿ ಎಷ್ಟು ಓಡಾಟ ಎಂಬುದು ಬರೆದಿಟ್ಟಂತೆ ಇರುತ್ತದೆ.

ಹಿಂದಿನ ಓಣಿ

ಹಿತ್ತಿಲ ಕೊನೆಗೆ ಒಂದು ತಗಡಿನ ಬಾಗಿಲು. ಅದರ ಅಗುಳಿ ತೆಗೆದರೆ ಓಣಿ. ಮಲ್ಲೇಶ್ವರದ ಹಳಬರು ಅದನ್ನು ಇಂದಿಗೂ ಕನ್ಸರ್ವೆನ್ಸಿ ಲೇನ್ ಎನ್ನುತ್ತಾರೆ. ಎರಡು ಸಾಲು ಮನೆಗಳ ಬೆನ್ನ ನಡುವೆ ಹಾದುಹೋಗುವ ಈ ಓಣಿಗಳನ್ನು ಬಿಟ್ಟದ್ದು ಮಲ ಹೊರುವವರು ಹಿಂದಿನಿಂದಲೇ ಬಂದು ಹೋಗಲೆಂದು. ಆ ಪದ್ಧತಿಯ ಅವಮಾನ ಹೋಗಿದ್ದು ಒಳ್ಳೆಯದೇ ಆಯಿತು. ಆದರೆ ಓಣಿ ಮಾತ್ರ ಯಾರದ್ದೂ ಅಲ್ಲದ ಜಾಗವಾಗಿ ಉಳಿಯಿತು.

ಈ ಬಡಾವಣೆಗೂ ಇಲಿಗೂ ಹಳೆಯ ಸಂಬಂಧವಿದೆ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಮನೆಗಳಲ್ಲಿ, ಕಾಳು ತುಂಬಿದ ಮಳಿಗೆಗಳಲ್ಲಿ ಮೊದಲು ಇಲಿ ಬಿದ್ದವು, ಆಮೇಲೆ ಮನುಷ್ಯರು. ಇಲಿ ಬಿತ್ತು ಎಂದರೆ ಮನೆ ಬಿಡು ಎಂದೇ ಆಗ ಅರ್ಥ. ಹಳ್ಳಿಗಳಲ್ಲಿ ಜನ ಊರ ಹೊರಗೆ ಗುಡಿಸಲು ಹಾಕಿಕೊಂಡರು. ಬೆಂಗಳೂರಿನಲ್ಲಿ, ನಕ್ಷೆ ಆಗಲೇ ಸಿದ್ಧವಾಗಿದ್ದ ಮಲ್ಲೇಶ್ವರ ಮತ್ತು ಬಸವನಗುಡಿಗೆ ಜನ ಬಂದು ನೆಲೆಸಿದರು. ಅಗಲವಾದ ರಸ್ತೆ, ಮನೆಯ ಸುತ್ತ ಗಾಳಿ ಬೆಳಕು, ಹಿಂದೆ ಚೊಕ್ಕಟ ಮಾಡಲು ಓಣಿ ಇವೆಲ್ಲ ಆ ಭಯದ ಕಾಲದಲ್ಲಿ ಬೆಲೆ ಪಡೆದ ವಿಚಾರಗಳು.

ಅದೇ 1898ರಲ್ಲಿ, ಕರಾಚಿಯಲ್ಲಿ, ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದ. ಲೋಕ ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಂದರೆ ಪೇಟೆಯಿಂದ ಗಂಟುಮೂಟೆ ಕಟ್ಟಿ ಇಲ್ಲಿಗೆ ಬಂದವರಿಗೆ ಚಿಗಟದ ಕಥೆ ಗೊತ್ತಿರಲಿಲ್ಲ. ಕಾಳಿನ ಮೂಟೆ, ಕತ್ತಲು, ಇಕ್ಕಟ್ಟು ಇರುವಲ್ಲಿ ಇಲಿ, ಇಲಿಯಿರುವಲ್ಲಿ ಸಾವು ಎಂಬುದಷ್ಟನ್ನು ಅವರು ಕಣ್ಣಿಂದ ಕಂಡು ಕಲಿತಿದ್ದರು.

ನಾವು ನಿಂತಿದ್ದ ಓಣಿಯಲ್ಲಿ ಆ ಸಂಜೆ ಮುರಿದ ಕಮೋಡು, ಮನೆ ಕೆಡವಿದ ಇಟ್ಟಿಗೆ ಚೂರಿನ ರಾಶಿ, ಒಣಗಿದ ತೆಂಗಿನ ಗರಿ, ತುದಿಯಲ್ಲಿ ತಿಂಡಿ ಅಂಗಡಿಯೊಂದರ ಅನ್ನ ಸಾಂಬಾರಿನ ಕವರುಗಳು ಬಿದ್ದಿದ್ದವು. ಮಲ್ಲೇಶ್ವರದ ಕೆಲವು ಓಣಿಗಳನ್ನು ಅಲ್ಲಿನ ನಿವಾಸಿಗಳೇ ಮುಂದೆ ನಿಂತು ಚೊಕ್ಕಟ ಮಾಡಿಸಿ, ಗೋಡೆಗೆ ಚಿತ್ರ ಬರೆಸಿ, ನಡೆದಾಡುವ ಹಾಗೆ ಮಾಡಿದ್ದಾರೆ. ಚಿಕ್ಕಮ್ಮನ ಮನೆಯ ಹಿಂದಿನ ಓಣಿಗೆ ಆ ಭಾಗ್ಯ ಇನ್ನೂ ಬಂದಿರಲಿಲ್ಲ.

ಊಟ ಎಲ್ಲಿಂದ?

ಇಲಿ ದಿನಕ್ಕೆ ತನ್ನ ತೂಕದ ಹತ್ತರಲ್ಲಿ ಒಂದು ಪಾಲಿನಷ್ಟು ತಿನ್ನುತ್ತದೆ. ಮನೆ ಇಲಿಗೆ ಅದು ಒಂದು ಹಿಡಿ ಕಾಳೂ ಆಗುವುದಿಲ್ಲ. ಆ ಹಿಡಿ ಕಾಳು ಎಲ್ಲೆಲ್ಲಿ ಸಿಗುತ್ತದೆ ಎಂದು ಹುಡುಕುತ್ತ ಮೇಷ್ಟ್ರು ನೋಟ್‌ಬುಕ್ಕು ತೆಗೆದರು.

ಮೊದಲ ಸಾಲಿಗೆ ಬಂದದ್ದು ಗೊಬ್ಬರದ ಮಡಕೆ. ಒಂದರ ಮೇಲೊಂದು ಮೂರು ಮಣ್ಣಿನ ಮಡಕೆ ಇಟ್ಟು ಚಿಕ್ಕಮ್ಮ ಅಡುಗೆಮನೆಯ ಹಸಿ ಕಸವನ್ನೆಲ್ಲ ಗೊಬ್ಬರ ಮಾಡುತ್ತಾರೆ. ನನಗೆ ಅವರ ಮೇಲೆ ಹೆಮ್ಮೆ ಇರುವ ಕಾರಣಗಳಲ್ಲಿ ಇದೂ ಒಂದು. ಆದರೆ ಮುಚ್ಚಳ ಒಡೆದಿತ್ತು. ಮೇಲಿನ ಮಡಕೆಯಲ್ಲಿ ಉಳಿದ ಚಪಾತಿ, ಮೊಸರನ್ನ ಹಾಗೇ ಕಾಣುತ್ತಿತ್ತು.

“ಸಿಪ್ಪೆ ಸೊಪ್ಪು ಹಾಕಿ, ಯೋಚನೆ ಇಲ್ಲ. ಬೇಯಿಸಿದ್ದು, ಎಣ್ಣೆ ಮುಟ್ಟಿದ್ದು ಹಾಕಿದರೆ ಅವಕ್ಕೆ ಎಲೆ ಹಾಕಿ ಕರೆದ ಹಾಗೆ. ಹಾಕಲೇಬೇಕು ಅಂದರೆ ಒಳಗೆ ಹೂತು, ಮೇಲೆ ನಾಲ್ಕು ಬೆರಳು ಒಣ ಎಲೆ, ಅದರ ಮೇಲೆ ಮಣ್ಣು,” ಎಂದರು ಮೇಷ್ಟ್ರು. ಮುಚ್ಚಳಕ್ಕೆ ಕಲ್ಲಿನ ಭಾರ, ಗಾಳಿ ಆಡುವ ತೂತುಗಳಿಗೆ ಒಳಗಿನಿಂದ ಒಂದು ಸೆಂಟಿಮೀಟರಿಗಿಂತ ಚಿಕ್ಕ ಕಣ್ಣಿನ ಕಬ್ಬಿಣದ ಜಾಲರಿ. ನೆಲದ ಮೇಲೆ ಗೊಬ್ಬರದ ಗುಂಡಿ ಮಾಡುವವರು ಗುಂಡಿಯ ತಳಕ್ಕೂ ಅದೇ ಜಾಲರಿ ಹಾಸಬೇಕು. ಪ್ಲಾಸ್ಟಿಕ್ ಜಾಲರಿಯನ್ನು ಒಂದೇ ರಾತ್ರಿಯಲ್ಲಿ ಕತ್ತರಿಸಿಬಿಡುತ್ತವೆ. ಇಲಿಯ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಅದಕ್ಕೇ ಅದು ಕಡಿಯುವುದನ್ನು ನಿಲ್ಲಿಸುವುದಿಲ್ಲ.

ಎರಡನೆಯದು ಹಕ್ಕಿಯ ತಟ್ಟೆ. ಬೆಳಗ್ಗೆ ಹಾಕಿದ ಅಕ್ಕಿ ನುಚ್ಚಿನಲ್ಲಿ ಅರ್ಧ ಸಂಜೆಯ ತನಕ ಉಳಿದಿತ್ತು. ಗುಬ್ಬಿಗೆ ಹಾಕಿದ್ದು ರಾತ್ರಿ ಇಲಿಯ ಪಾಲು. ಮೂರನೆಯದು ಗೇಟಿನ ಬಳಿ ಬೀದಿ ನಾಯಿಗೆ ಇಟ್ಟ ಅನ್ನ. ನಾಲ್ಕನೆಯದು ನೋಡಿ ನನಗೆ ಅಚ್ಚರಿಯಾಯಿತು. ತುಳಸಿ ಕಟ್ಟೆಯ ಹಣತೆಯಲ್ಲಿ ಬತ್ತಿ ಇರಲಿಲ್ಲ. ಎಣ್ಣೆ ಹೀರಿದ ಹತ್ತಿಯ ಬತ್ತಿಯನ್ನು ಇಲಿ ಎಳೆದುಕೊಂಡು ಹೋಗುತ್ತದೆ. ಉರಿಯುವ ಬತ್ತಿಯನ್ನೇ ಎಳೆದೊಯ್ದರೆ ಬೆಂಕಿಯ ಅಪಾಯವೂ ಇದೆ. ಒಗೆಯುವ ಕಲ್ಲಿನ ಮೇಲಿನ ಸೋಪಿನ ತುಂಡಿನ ಮೇಲೂ ಹಲ್ಲಿನ ಗುರುತಿತ್ತು.

ಐದನೆಯದು ಉದುರಿದ ಸಪೋಟ. ಆರನೆಯದು ನೀರು. ನಲ್ಲಿಯ ಕೆಳಗೆ ಸದಾ ತುಂಬಿರುವ ಬೋಗುಣಿ, ಕುಂಡಗಳ ಅಡಿಯ ತಟ್ಟೆ.

ಚಿಕ್ಕಮ್ಮ ಈ ಪಟ್ಟಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಕ್ಕಿಗೆ ಹಾಕಬೇಡ, ನಾಯಿಗೆ ಹಾಕಬೇಡ ಅಂತೀರಾ ಮೇಷ್ಟ್ರೇ?”

“ಖಂಡಿತ ಹಾಕಿ. ಬೆಳಗ್ಗೆ ಹಾಕಿ, ಅವು ತಿಂದು ಮುಗಿಸುವಷ್ಟೇ ಹಾಕಿ, ದೀಪ ಹಚ್ಚೋ ಹೊತ್ತಿಗೆ ತಟ್ಟೆ ಎತ್ತಿಬಿಡಿ. ಹಣತೆ ಆರಿದ ಮೇಲೆ ಒಳಗೆ ತನ್ನಿ. ಸಂಜೆ ಒಂದು ಸಲ ಬಗ್ಗಿ ಸಪೋಟ ಆರಿಸಿ. ಹತ್ತು ನಿಮಿಷದ ಕೆಲಸ.”

ದಯೆ ತೋರಿಸುವುದಕ್ಕೂ ಒಂದು ಅಚ್ಚುಕಟ್ಟು ಬೇಕು ಎಂಬುದು ನನಗೆ ಆಗ ತಟ್ಟಿತು.

ಬಿಡಾರ ಎಲ್ಲಿ?

ಹಿತ್ತಿಲ ಮೂಲೆಯಲ್ಲಿ ಹಳೆ ಹೆಂಚಿನ ಸಾಲು, ಅದರ ಮೇಲೆ ಒಡೆದ ಸಿಂಟೆಕ್ಸ್ ಟ್ಯಾಂಕು, ಪಕ್ಕದಲ್ಲಿ ಸೌದೆ ಮತ್ತು ಗರಿಯ ಹೊರೆ. ಕೋಲಿನಿಂದ ತಟ್ಟಿದ ಕೂಡಲೇ ಒಳಗೆ ಸರಸರ ಸದ್ದಾಯಿತು. ಹೆಂಚು ಸರಿಸಿದರೆ ಚಿಂದಿ ಬಟ್ಟೆ, ತೆಂಗಿನ ನಾರು, ಪ್ಲಾಸ್ಟಿಕ್ ಚೂರು ಸೇರಿಸಿ ಹೆಣೆದ ಗೂಡು.

ಇಲಿಯ ಬಸುರು ಮೂರು ವಾರಕ್ಕೆ ಸ್ವಲ್ಪ ಹೆಚ್ಚು. ಒಂದು ಸೂಲಿಗೆ ಆರೋ ಎಂಟೋ ಮರಿ. ಮೂರು ತಿಂಗಳಿಗೆಲ್ಲ ಆ ಮರಿಗಳು ತಾವೇ ಮರಿ ಹಾಕಲು ಸಿದ್ಧ. ಹತ್ತು ಇಲಿ ಕೊಂದು ಗೂಡನ್ನೂ ಊಟವನ್ನೂ ಹಾಗೇ ಬಿಟ್ಟರೆ, ಖಾಲಿಯಾದ ಜಾಗಕ್ಕೆ ಬೇರೆ ಹತ್ತು ಬರುತ್ತವೆ. ಕೊಲ್ಲುವ ಲೆಕ್ಕದಲ್ಲಿ ಇಲಿಯನ್ನು ಗೆದ್ದವರಿಲ್ಲ ಎಂದು ಮೇಷ್ಟ್ರು ಹೇಳುವುದು ಇದಕ್ಕೇ.

ಆದ್ದರಿಂದ ಮೂಲೆಯ ಆ ರಾಶಿ ಮೊದಲು ಹೋಗಬೇಕು. ಬೇಕಾದ ಹೆಂಚು, ಸೌದೆಯನ್ನು ನೆಲದಿಂದ ಒಂದು ಅಡಿ ಮೇಲೆ, ಗೋಡೆಯಿಂದ ಒಂದು ಅಡಿ ದೂರ, ಕೆಳಗೆ ಬೆಳಕು ಕಾಣುವ ಹಾಗೆ ಜೋಡಿಸಿಡಬೇಕು. ಬಾಳೆಯ ಒಣ ಪಟ್ಟೆ ಸುಲಿಯಬೇಕು. ಗೋಡೆಯ ಬುಡದಲ್ಲಿ ಎರಡು ಅಡಿಯಷ್ಟು ಜಾಗ ಬೋಳಾಗಿಟ್ಟರೆ ಇಲಿಗೆ ಓಡಾಡುವ ಧೈರ್ಯ ಕುಗ್ಗುತ್ತದೆ. ಸೂರನ್ನು ಮುಟ್ಟುತ್ತಿದ್ದ ಸಪೋಟದ ಎರಡು ಕೊಂಬೆಯನ್ನು ಮೇಷ್ಟ್ರು ಬೆರಳಿಟ್ಟು ತೋರಿಸಿದರು. ಅವು ಮಾಡಿಗೆ ಹಾಕಿದ ಸೇತುವೆ. ಮೂರು ಅಡಿ ಅಂತರ ಬರುವ ಹಾಗೆ ಕಡಿಯಬೇಕು.

ತೆಂಗಿಗೆ ಒಂದು ಹಳೆಯ ಉಪಾಯವಿದೆ. ನೆಲದಿಂದ ಆಳೆತ್ತರಕ್ಕೆ, ಅಂದರೆ ಎರಡು ಮೀಟರಿನಷ್ಟು ಮೇಲೆ, ಒಂದೂಕಾಲು ಅಡಿ ಅಗಲದ ನುಣುಪು ತಗಡನ್ನು ಕಾಂಡದ ಸುತ್ತ ಬಿಗಿಯಾಗಿ ಕಟ್ಟುವುದು. ತಗಡಿನ ಮೇಲೆ ಇಲಿಯ ಉಗುರು ನಿಲ್ಲುವುದಿಲ್ಲ. ಆದರೆ ಮರದ ಗರಿ ಪಕ್ಕದ ಮರಕ್ಕೋ ತಂತಿಗೋ ತಾಗುತ್ತಿದ್ದರೆ ತಗಡು ಕಟ್ಟಿಯೂ ಉಪಯೋಗವಿಲ್ಲ. ಚಿಕ್ಕಮ್ಮನ ಎರಡು ತೆಂಗಿನ ಗರಿಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಹಾಗಾಗಿ ಎರಡಕ್ಕೂ ತಗಡು, ಕೇಬಲ್ ತಂತಿಯ ಕಡೆಗೆ ಬಾಗಿದ ಒಣ ಗರಿಗೆ ಕತ್ತಿ.

ಮನೆಯೊಳಗೆ ನುಗ್ಗುವ ದಾರಿಗಳನ್ನೂ ನೋಡಿದೆವು. ಇಲಿಯ ತಲೆ ತೂರಿದರೆ ಮೈ ತೂರುತ್ತದೆ. ಬೆರಳಿನಷ್ಟು ಸಂದಿ ಇದ್ದರೆ ಚಿಕ್ಕ ಇಲಿಗೆ ಸಾಕು. ಬಚ್ಚಲ ಮೋರಿಗೆ ಕಬ್ಬಿಣದ ಜಾಲಿ, ಹಿಂಬಾಗಿಲ ಕೆಳಗೆ ತಗಡಿನ ಪಟ್ಟಿ, ಪೈಪು ಹಾದುಹೋದ ತೂತುಗಳಿಗೆ ಪಾತ್ರೆ ಉಜ್ಜುವ ಸ್ಟೀಲಿನ ನಾರು ತುರುಕಿ ಮೇಲೆ ಸಿಮೆಂಟು. ಹಿಂದಿನವರು ಗಾಜಿನ ಚೂರು ಸೇರಿಸಿ ಗಾರೆ ಮೆತ್ತುತ್ತಿದ್ದದ್ದೂ ಇದೇ ಉದ್ದೇಶಕ್ಕೆ.

ಬೋನಿನ ಮಾತು

ಅಟ್ಟದಿಂದ ಚಿಕ್ಕಮ್ಮ ಒಂದು ತಂತಿಯ ಬೋನು ಇಳಿಸಿದರು. ಮೊದಲ ದಿನ ಒಂದು ಇಲಿ ಬಿದ್ದದ್ದು ಬಿಟ್ಟರೆ ಆಮೇಲೆ ಒಂದೂ ಬೀಳಲಿಲ್ಲ ಎಂಬ ದೂರು.

ಇಲಿಗೆ ಹೊಸ ವಸ್ತು ಎಂದರೆ ಅನುಮಾನ. ಆದ್ದರಿಂದ ಮೂರು ರಾತ್ರಿ ಬೋನನ್ನು ಬಾಗಿಲು ತೆರೆದು ಕಟ್ಟಿ, ಒಳಗೆ ತಿಂಡಿ ಇಟ್ಟು, ಓಡಾಡುವ ಗೋಡೆಯ ಬುಡದಲ್ಲೇ ಬಿಡಬೇಕು. ತಿಂದುಹೋಗಲಿ, ನಂಬಿಕೆ ಬರಲಿ. ನಾಲ್ಕನೇ ರಾತ್ರಿ ಕೊಂಡಿ ಹಾಕಬೇಕು. ಸುಟ್ಟ ಒಣಕೊಬ್ಬರಿ, ಹುರಿದ ಕಡಲೆಕಾಯಿ, ಮಸಾಲೆ ವಡೆಯ ಚೂರು ಒಳ್ಳೆಯ ಆಮಿಷ. ಒಂದು ಬೋನಿಗಿಂತ ನಾಲ್ಕೈದನ್ನು ಒಟ್ಟಿಗೆ ಇಟ್ಟರೆ ಫಲ ಹೆಚ್ಚು.

ಬಿದ್ದದ್ದನ್ನು ಏನು ಮಾಡುವುದು? ಮೊದಲ ದಿನ ಬಿದ್ದ ಆ ಒಂದನ್ನು ಚಿಕ್ಕಮ್ಮ ಬೋನಿನ ಸಮೇತ ಪಾರ್ಕಿಗೆ ಒಯ್ದು ಬಾಗಿಲು ತೆಗೆದಿದ್ದರು. ಗಣಪತಿಯ ವಾಹನವನ್ನು ಕೈಯಾರೆ ಕೊಲ್ಲಲು ಅವರಿಗೆ ಮನಸ್ಸಿಲ್ಲ, ಹಬ್ಬ ಹತ್ತಿರ ಬಂದಾಗಂತೂ ಇಲ್ಲವೇ ಇಲ್ಲ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಪಾರ್ಕಿನ ಸುತ್ತಲೂ ಮನೆಗಳಿವೆ. ನಮ್ಮ ಇಲಿ ಅಲ್ಲಿನವರ ಇಲಿಯಾಯಿತು, ಅಷ್ಟೇ. ಕೊಲ್ಲಲೇಬೇಕಾದರೆ ಒಂದೇ ಏಟಿಗೆ ಕೊಲ್ಲುವ ಸ್ಪ್ರಿಂಗಿನ ಬೋನನ್ನು ಡಬ್ಬಿಯೊಳಗೆ, ಅಳಿಲು ಹಕ್ಕಿ ಸಿಗದ ಹಾಗೆ ಇಡುವುದು ಕಡಿಮೆ ಕ್ರೂರ ಎಂಬುದು ಮೇಷ್ಟ್ರ ಮಾತು. ಅಂಟಿನ ಹಲಗೆ ಮಾತ್ರ ಬೇಡವೇ ಬೇಡ. ಅದರ ಮೇಲೆ ಬಿದ್ದ ಪ್ರಾಣಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಚರ್ಮ ಹರಿದುಕೊಳ್ಳುತ್ತ ಸಾಯುತ್ತದೆ. ಹಲ್ಲಿ, ಓತಿಕ್ಯಾತ, ಹಕ್ಕಿಮರಿ, ಮೂಗಿಲಿ ಎಲ್ಲವೂ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಭಾರತದ ಪ್ರಾಣಿ ಕಲ್ಯಾಣ ಮಂಡಳಿಯೂ ಅದರ ವಿರುದ್ಧ ಸೂಚನೆ ಕೊಟ್ಟಿದೆ.

ವಿಷದ ಮಾತು

ಇಲ್ಲಿ ನನ್ನದೊಂದು ನೆನಪು ಹೇಳಬೇಕು. ನಾನು ಐದನೇ ತರಗತಿಯಲ್ಲಿದ್ದಾಗ ನಮ್ಮ ಮನೆಯಲ್ಲಿ ಒಂದು ಕಂದು ಬೆಕ್ಕಿತ್ತು. ಅಕ್ಕಪಕ್ಕದಲ್ಲಿ ಯಾರೋ ಇಲಿ ಪಾಷಾಣ ಇಟ್ಟಿದ್ದರು. ತೂರಾಡುತ್ತಿದ್ದ ಇಲಿಯನ್ನು ನಮ್ಮ ಬೆಕ್ಕು ಸುಲಭವಾಗಿ ಹಿಡಿಯಿತು. ಮೂರು ದಿನ ಮೂಲೆಯಲ್ಲಿ ಮಲಗಿದ್ದು, ಮೂಗಿನಿಂದ ರಕ್ತ ಸುರಿದು ಸತ್ತಿತು. ಅಮ್ಮ ಅದನ್ನು ಪಾರಿಜಾತದ ಬುಡದಲ್ಲಿ ಹೂತರು. ಇಲಿಗೆಂದು ಇಟ್ಟ ವಿಷ ಇಲಿಯಲ್ಲೇ ನಿಲ್ಲುವುದಿಲ್ಲ ಎಂದು ನಾನು ಕಲಿತದ್ದು ಆ ದಿನ.

ಮೇಷ್ಟ್ರು ಅದರ ಹಿಂದಿನ ಕೆಲಸ ಬಿಡಿಸಿ ಹೇಳಿದರು. ಬ್ರೊಮಾಡಿಯೋಲೋನ್ ಎಂಬ ವಿಷ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ತಿಂಡಿಯಲ್ಲಿ ಅದರ ಪ್ರಮಾಣ ಶೇ 0.005 ಮಾತ್ರ. ತಿಂದ ಇಲಿ ಕೆಲವು ದಿನ ಓಡಾಡಿಕೊಂಡಿದ್ದು, ಒಳಗೇ ರಕ್ತ ಸೋರಿ ಸಾಯುತ್ತದೆ. ಆ ದಿನಗಳಲ್ಲಿ ಅದನ್ನು ಹಿಡಿದ ಬೆಕ್ಕು, ಗೂಬೆಗಳ ಮೈಗೂ ವಿಷ ಸೇರುತ್ತದೆ. ಜಿಂಕ್ ಫಾಸ್ಫೈಡ್ ಬೇರೆ ಬಗೆ. ಹೊಟ್ಟೆಯ ಆಮ್ಲ ತಾಗಿದೊಡನೆ ಫಾಸ್ಫೀನ್ ಎಂಬ ವಿಷಾನಿಲ ಹೊರಡಿಸಿ ಕೊಲ್ಲುತ್ತದೆ. ಹೊಲದಲ್ಲಿ ಬಳಸುವ ರೈತರು ಮೊದಲು ಎರಡು ಮೂರು ದಿನ ವಿಷವಿಲ್ಲದ ಕಾಳಿಟ್ಟು ರುಚಿ ಹತ್ತಿಸಿ, ಆಮೇಲೆ ಶೇ 2ರಷ್ಟು ಬೆರೆಸಿ ಇಡುವುದು ಕ್ರಮ. ಹಾಗೆ ಮಾಡದೆ ಇಟ್ಟರೆ ಸ್ವಲ್ಪ ತಿಂದು ಕಾಯಿಲೆ ಬಿದ್ದು ಬದುಕಿದ ಇಲಿ ಮತ್ತೆ ಆ ತಿಂಡಿ ಮುಟ್ಟುವುದಿಲ್ಲ. ನಾಯಿ, ಕೋಳಿ, ಮಗು ಯಾರು ತಿಂದರೂ ಅಪಾಯ ಒಂದೇ.

ಎಲ್ಲಕ್ಕಿಂತ ಕೆಟ್ಟದ್ದು ಹಳದಿ ರಂಜಕದ ಪೇಸ್ಟು. ಅದಕ್ಕೆ ಪ್ರತಿವಿಷವೇ ಇಲ್ಲ. ತಿಂದ ಮನುಷ್ಯನ ಯಕೃತ್ತನ್ನು ಅದು ಹಾಳುಮಾಡುತ್ತದೆ. ಮೊದಲ ಒಂದೆರಡು ದಿನ ಆರಾಮಾಗಿ ಕಾಣುವುದರಿಂದ ಮನೆಯವರು ಮೋಸಹೋಗುತ್ತಾರೆ. ಮಕ್ಕಳಿರುವ ಮನೆಗೆ, ನೊಂದ ಮನಸ್ಸಿನವರಿರುವ ಮನೆಗೆ ಅಂಥದ್ದು ಬರಲೇಬಾರದು. ಯಾವುದೇ ಇಲಿ ಪಾಷಾಣ ಯಾರ ಹೊಟ್ಟೆಗಾದರೂ ಹೋಗಿದೆ ಎಂಬ ಅನುಮಾನ ಬಂದರೆ ಸಾಕು, ಪೊಟ್ಟಣದ ಸಮೇತ ಆಸ್ಪತ್ರೆಗೆ ಓಡಬೇಕು. ಬ್ರೊಮಾಡಿಯೋಲೋನ್‌ಗೆ ವಿಟಮಿನ್ ಕೆ1 ಪ್ರತಿವಿಷವಾಗಿ ಕೆಲಸ ಮಾಡುತ್ತದೆ. ಯಾವ ವಿಷ ಎಂದು ವೈದ್ಯರಿಗೆ ಗೊತ್ತಾಗುವುದು ಪೊಟ್ಟಣದಿಂದಲೇ.

“ಹಾಗಾದರೆ ವಿಷ ಬೇಡ,” ಎಂದರು ಚಿಕ್ಕಮ್ಮ, ಮಗನಿಗೆ ಕೇಳಿಸುವ ಹಾಗೆ.

ಗೂಬೆಗೆ ಸ್ವಾಗತ

ಕತ್ತಲಾದ ಮೇಲೆ ತೆಂಗಿನ ಆಚೆ, ಹಳೆಯ ಬಂಗಲೆಯೊಂದರ ಮಾಡಿನಿಂದ ಬಟ್ಟೆ ಹರಿದಂಥ ಕೂಗು ಕೇಳಿತು. ಚಿಕ್ಕಮ್ಮ ತಕ್ಷಣ ಕೈ ಮುಗಿದರು, ಅಪಶಕುನ ಎಂದು. ಅದು ಕಣಜ ಗೂಬೆ. ಬಿಳಿಯ, ಹೃದಯದಾಕಾರದ ಮುಖ. ಬೆಂಗಳೂರಿನ ಹಳೆಯ ಕಟ್ಟಡಗಳಲ್ಲಿ ಇನ್ನೂ ಇವೆ. ಕಣಜದಲ್ಲಿ ಕೂತು ಇಲಿ ಹಿಡಿಯುವುದರಿಂದಲೇ ಆ ಹೆಸರು. ಕಗ್ಗತ್ತಲಲ್ಲಿ ಸದ್ದಿನಿಂದಲೇ ಬೇಟೆಯ ಜಾಗ ಗುರುತಿಸುತ್ತದೆ. ಮರಿಗಳಿದ್ದಾಗ ಒಂದು ಜೋಡಿ ರಾತ್ರಿಯೊಂದರಲ್ಲೇ ಹಲವು ಇಲಿಗಳನ್ನು ಹೊತ್ತು ತರುತ್ತದೆ.

ಹಳ್ಳಿಯ ಹಿತ್ತಿಲುಗಳಲ್ಲಿ ಈ ಕೆಲಸ ಹಂಚಿಕೊಳ್ಳುವ ಇನ್ನೊಬ್ಬರು ಕೇರೆ ಹಾವು. ವಿಷವಿಲ್ಲದ ಈ ಹಾವು ಬಿಲದೊಳಗೇ ನುಗ್ಗಿ ಮರಿಗಳ ಸಮೇತ ನುಂಗುತ್ತದೆ. ನಾಗರಹಾವೆಂದು ತಪ್ಪು ತಿಳಿದು ಅದನ್ನು ಹೊಡೆಯುವವರು ಬಹಳ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದನ್ನು ಕೊಲ್ಲುವುದು ಅಪರಾಧ. ಮುಂಗುಸಿಯೂ ಇಲಿಯ ಶತ್ರು. ಬೆಕ್ಕು ಚಿಕ್ಕ ಇಲಿಗಳನ್ನು ಹಿಡಿದೀತು, ದೊಡ್ಡ ಹೆಗ್ಗಣದ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಇವರೆಲ್ಲ ಸೇರಿದರೂ ಇಲಿಯ ಸಂತತಿ ಮುಗಿಯುವುದಿಲ್ಲ. ಊಟ ಬಿಡಾರ ಕಡಿಮೆಯಾದ ಹಿತ್ತಿಲಿನಲ್ಲಿ ಮಾತ್ರ ಇವರ ಬೇಟೆಯ ಲೆಕ್ಕ ಎದ್ದು ಕಾಣುತ್ತದೆ.

ಬರಿಗಾಲಿನ ಅಪಾಯ

ಚಿಕ್ಕಮ್ಮ ಬರಿಗಾಲಲ್ಲೇ ತೋಟದಲ್ಲಿ ಓಡಾಡುವವರು. ಮೇಷ್ಟ್ರು ಕಟ್ಟುನಿಟ್ಟಾಗಿ ಬೇಡವೆಂದ ಇನ್ನೊಂದು ಸಂಗತಿ ಇದು. ಇಲಿಯ ಮೂತ್ರದಲ್ಲಿ ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಮಳೆಗಾಲದಲ್ಲಿ ನಿಂತ ನೀರು, ಒದ್ದೆ ಮಣ್ಣಿನ ಮೂಲಕ ಕಾಲಿನ ಬಿರುಕು, ಗಾಯಗಳಿಂದ ಅದು ಮೈಗೆ ಸೇರುತ್ತದೆ. ಕರಾವಳಿ, ಮಲೆನಾಡಿನವರಿಗೆ ಇಲಿ ಜ್ವರದ ಹೆಸರು ಚೆನ್ನಾಗಿ ಗೊತ್ತು. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಇದರ ಲಕ್ಷಣ. ಬೇಗ ಹಿಡಿದರೆ ಸಾಮಾನ್ಯ ಆಂಟಿಬಯೋಟಿಕ್‌ಗೇ ಬಗ್ಗುತ್ತದೆ. ತಡವಾದರೆ ಯಕೃತ್ತು, ಮೂತ್ರಪಿಂಡಗಳಿಗೆ ಪೆಟ್ಟು. ಜ್ವರವೆಂದು ವೈದ್ಯರ ಬಳಿ ಹೋದಾಗ “ಇಲಿ ಓಡಾಡುವ ತೋಟದಲ್ಲಿ ಕೆಲಸ ಮಾಡುತ್ತೇನೆ” ಎಂಬ ಒಂದು ವಾಕ್ಯ ಸೇರಿಸಿದರೆ ಅವರಿಗೆ ದಾರಿ ಸಿಗುತ್ತದೆ.

ತೋಟಕ್ಕಿಳಿಯುವಾಗ ಗಮ್‌ಬೂಟು, ಕೈಗವಸು. ಇಲಿ ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬಾರದು, ಬ್ಲೀಚಿಂಗ್ ನೀರು ಚಿಮುಕಿಸಿ ನೆನೆಸಿ ಬಳಿದು ತೆಗೆಯಬೇಕು. ಹಲ್ಲು ಹತ್ತಿದ ಟೊಮೇಟೊವನ್ನು ಆ ಭಾಗ ಕತ್ತರಿಸಿ ಬಳಸುವ ಉಳಿತಾಯ ಬೇಡ.

ಬೆಳಗಿನ ಎಣಿಕೆ

ಹೊರಡುವ ಮುಂಚೆ ಮೇಷ್ಟ್ರು ಒಂದು ಕೆಲಸ ಮಾಡಿಸಿದರು. ಹಿತ್ತಿಲಲ್ಲೂ ಹಿಂದಿನ ಓಣಿಯಲ್ಲೂ ಕಂಡ ಬಿಲಗಳ ಬಾಯನ್ನೆಲ್ಲ ಹಸಿ ಮಣ್ಣಿನಿಂದ ಮುಚ್ಚುವುದು. ಬೆಳಗ್ಗೆ ತೆರೆದಿರುವುದು ಮಾತ್ರ ವಾಸವಿರುವ ಬಿಲ. ಹೊಲದಲ್ಲಿ ಇಲಿ ಎಣಿಸುವವರು ಮಾಡುವುದೂ ಹೀಗೆಯೇ. ಟಾರ್ಚಿನ ಬೆಳಕಿನಲ್ಲಿ ಹದಿನಾಲ್ಕು ಮುಚ್ಚಿದೆವು. ಕಾಂಪೌಂಡಿನ ಒಳಗೆ ಎಂಟು, ಓಣಿಯಲ್ಲಿ ಆರು.

ಬೆಳಗ್ಗೆ ಆರೂವರೆಗೆ ಮತ್ತೆ ಸೇರಿದೆವು. ಒಳಗಿನ ಎಂಟರಲ್ಲಿ ತೆರೆದಿದ್ದದ್ದು ಎರಡು. ಓಣಿಯ ಆರಕ್ಕೆ ಆರೂ ತೆರೆದಿದ್ದವು. ಹಿಂಬಾಗಿಲ ಹೊಸ್ತಿಲ ರಂಗೋಲಿ ಪುಡಿಯ ಮೇಲೆ ಹೆಜ್ಜೆಗಳು ಎಷ್ಟು ದಟ್ಟವಾಗಿದ್ದವೆಂದರೆ ಪುಡಿ ಹಾಕಿದ್ದೇ ಕಾಣುತ್ತಿರಲಿಲ್ಲ.

ಚಿಕ್ಕಮ್ಮನ ಹಿತ್ತಿಲು ಅವುಗಳ ಊಟದ ಮನೆ, ಓಣಿ ಅವುಗಳ ಊರು. ತೆಂಗಿಗೆ ತಗಡು ಕಟ್ಟಿದರೆ, ಮಡಕೆಗೆ ಮುಚ್ಚಳ ಹಾಕಿದರೆ ಈ ಒಂದು ಮನೆಯಲ್ಲಿ ಊಟ ತಪ್ಪೀತು. ಓಣಿಯ ಎರಡೂ ಬದಿಯಲ್ಲಿ ಇಪ್ಪತ್ತು ಮನೆಗಳಿವೆ, ತುದಿಯಲ್ಲಿ ಒಂದು ತಿಂಡಿ ಅಂಗಡಿ ಇದೆ. ಒಂದೇ ಮನೆಯವರು ಏನೇ ಮಾಡಿದರೂ ಇಲಿ ಪಕ್ಕದ ಗೋಡೆ ದಾಟುತ್ತದೆ.

ಆ ಭಾನುವಾರ ಚಿಕ್ಕಮ್ಮ ಇಪ್ಪತ್ತು ಮನೆಗಳ ಬಾಗಿಲು ತಟ್ಟಿದರು. ಹನ್ನೊಂದು ಮನೆಯವರು ಗುದ್ದಲಿ, ಬುಟ್ಟಿ ಹಿಡಿದು ಓಣಿಗೆ ಬಂದರು. ಇಟ್ಟಿಗೆ ಚೂರು ಸಾಗಿಸಲು ಪಾಲಿಕೆಯ ಗಾಡಿ ಬಂದದ್ದು ಮೂರು ಸಲ ಫೋನ್ ಮಾಡಿದ ಮೇಲೆ. ತಿಂಡಿ ಅಂಗಡಿಯವರು ಮುಚ್ಚಳವಿರುವ ಡ್ರಮ್ಮು ಇಟ್ಟುಕೊಂಡರು. ದೀಪಾವಳಿ ಕಳೆದು ನಾನು ಹೋದಾಗ ಮತ್ತೆ ಮುಚ್ಚಿ ಎಣಿಸಿದೆವು. ಓಣಿಯಲ್ಲಿ ಎರಡು ಬಿಲ ತೆರೆದಿದ್ದವು, ಹಿತ್ತಿಲಲ್ಲಿ ಒಂದೂ ಇಲ್ಲ. ಗೆಣಸಿನ ಬಳ್ಳಿ ಚಿಗುರಿತ್ತು.

ಇಲಿಯ ಕಾಟವಿರುವ ಓದುಗರಿಗೆ ನನ್ನ ಕೋರಿಕೆ ಇಷ್ಟೇ. ಅಂಗಡಿಗೆ ಹೋಗುವ ಮುಂಚೆ ಈ ಸಂಜೆ ಒಮ್ಮೆ ಹಿತ್ತಿಲು ಸುತ್ತಿ. ಕಂಡ ಬಿಲಗಳನ್ನೆಲ್ಲ ಹಸಿ ಮಣ್ಣಿನಿಂದ ಮುಚ್ಚಿ, ಬೆಳಗ್ಗೆ ಎದ್ದು ಎಣಿಸಿ. ತೆರೆದ ಬಿಲ ಗೋಡೆಯ ಆಚೆ ಇದ್ದರೆ, ನೆರೆಯವರ ಬಾಗಿಲು ತಟ್ಟಿ.